ಪ್ಯಾರಿಸ್ಸಿನಲ್ಲಿ ಸಿಕ್ಕ ನಮ್ಮ ಟಿಟ್ಟಿಭ

ಮೊದಲೇ ಹೇಳಿಬಿಡುತ್ತೇನೆ. ನಾನು ಈವರೆಗೆ ದುಡ್ಡು ಕೊಟ್ಟು ತಂದ ವಸ್ತುಗಳಲ್ಲಿ ಇಷ್ಟು ಖುಷಿ ಕೊಟ್ಟದ್ದು ಇನ್ನೊಂದಿಲ್ಲ. 18ನೇ ಶತಮಾನದ ಒಂದೇ ಒಂದು ಹಾಳೆ. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ ಅಚ್ಚು ಹಾಕಿ, ಅದರ ಮೇಲೆ ಕೈಯಿಂದ ಬಣ್ಣ ಹಚ್ಚಿದ ಹಕ್ಕಿಯ ಚಿತ್ರ. ಹಕ್ಕಿ ಯಾವುದು ಅಂದರೆ ನಮ್ಮ ಗದ್ದೆ ಬಯಲಿನ ಟಿಟ್ಟಿಭ. ಕಣ್ಣಿನ ಮುಂದೆ ಕೆಂಪು ಚರ್ಮ ಇರುತ್ತಲ್ಲ, ಅದು. ಕೊಟ್ಟದ್ದು 85 ಯೂರೋ, ಆಗಿನ ಲೆಕ್ಕಕ್ಕೆ ಸುಮಾರು 7,800 ರೂಪಾಯಿ. ಕಡಿಮೆ ದುಡ್ಡೇನಲ್ಲ. ಆದರೆ ಇದಕ್ಕಿಂತ ಮೊದಲು ಇದೇ ಚಿತ್ರದ ರೀಪ್ರಿಂಟ್ ತರಿಸಿ ಬೇಸರಪಟ್ಟವನು ನಾನು. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಕುಮಟಾ ಕಡೆ, ಅಘನಾಶಿನಿ ನದಿಯ ಉಪ್ಪುನೀರು ಹತ್ತುವ ಗಜನಿ ಗದ್ದೆಗಳ ಹತ್ತಿರ. ರಾತ್ರಿ ಯಾರಾದರೂ ಗದ್ದೆ ಬದುವಿನ ಮೇಲೆ ಬ್ಯಾಟರಿ ಹಿಡಿದು ಹೋದರೆ ಸಾಕು, ಈ ಹಕ್ಕಿ ಎದ್ದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ಆಕಾಶ ಬಿದ್ದೀತು ಅಂತ ಕಾಲು ಮೇಲೆ ಮಾಡಿ ಮಲಗುತ್ತದೆ ಅಂತ ನಮಗೆ ಹೇಳುತ್ತಿದ್ದರು. ಮೊಟ್ಟೆ ಕೊಚ್ಚಿಕೊಂಡು ಹೋದ ಸಮುದ್ರದ ಜೊತೆಗೇ ಜಗಳಕ್ಕೆ ನಿಂತ ಟಿಟ್ಟಿಭ ದಂಪತಿಯ ಪಂಚತಂತ್ರದ ಕತೆಯನ್ನಂತೂ ಎಲ್ಲರೂ ಕೇಳಿಯೇ ಇರುತ್ತೀರಿ. ಇಷ್ಟು ಹತ್ತಿರದ ಹಕ್ಕಿಗೆ ಇವತ್ತಿನ ವೈಜ್ಞಾನಿಕ ಹೆಸರು ಬಂದದ್ದು ಪ್ಯಾರಿಸ್ಸಿನಲ್ಲಿ ಅಚ್ಚಾದ ಒಂದು ಹಾಳೆಯಿಂದ ಅಂತ ಗೊತ್ತಾದ ದಿನದಿಂದ ಆ ಹಾಳೆಯನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ಹತ್ತಿತ್ತು.

ಆ ಹಾಳೆಯ ಹಿನ್ನೆಲೆ ಗೊತ್ತಿಲ್ಲದೆ ಈ ಬೆಲೆಗೆ ಅರ್ಥ ಇಲ್ಲ. ಬುಫೋನ್ ಎಂಬ ನಿಸರ್ಗಶಾಸ್ತ್ರಜ್ಞರು 1739ರಿಂದ ಪ್ಯಾರಿಸ್ಸಿನ ರಾಜನ ತೋಟದ ಮುಖ್ಯಸ್ಥರಾಗಿದ್ದರು. ಈಗ ಅಲ್ಲಿ ನಿಸರ್ಗ ಇತಿಹಾಸದ ಮ್ಯೂಸಿಯಂ ಇದೆ, ಎದುರಿಗೆ ಅವರ ಪ್ರತಿಮೆಯೂ ಇದೆ. ಹಕ್ಕಿಗಳ ಬಗ್ಗೆ ಅವರು ಬರೆದ ಒಂಬತ್ತು ಸಂಪುಟಗಳು 1770ರಿಂದ 1783ರವರೆಗೆ ಬಂದವು. ಆ ಬರವಣಿಗೆಯ ಜೊತೆಗಿರಲಿ ಅಂತ ಬಣ್ಣದ ಹಾಳೆಗಳನ್ನು ಬೇರೆಯಾಗಿಯೇ ಅಚ್ಚು ಹಾಕಿಸಿದರು. ದೋಬಂತೊನ್ ಎಂಬವರ ಮೇಲ್ವಿಚಾರಣೆ, ಮಾರ್ಟಿನೆ ಎಂಬವರ ಕೆತ್ತನೆ. 1765ರಲ್ಲಿ ಶುರುವಾಗಿ, ಕಂತಿಗೆ 24 ಹಾಳೆಯಂತೆ 42 ಕಂತು, ಒಟ್ಟು 1,008 ಹಾಳೆ. ಅದರಲ್ಲಿ 973 ಹಕ್ಕಿಗಳದ್ದೇ. ಈ ಕೆಲಸಕ್ಕೆ 80ಕ್ಕೂ ಹೆಚ್ಚು ಕಲಾವಿದರು, ಸಹಾಯಕರು ಬೇಕಾದರು. ಬಣ್ಣದ ಅಚ್ಚು ಆಗ ಇರಲಿಲ್ಲ ಅಂತಲ್ಲ, ಆದರೆ ಇಲ್ಲಿ ಕಪ್ಪು ಗೆರೆ ಮಾತ್ರ ಅಚ್ಚು. ಮೇಲಿನ ಬಣ್ಣ ಪೂರ್ತಿ ಕುಂಚದ್ದು, ಪ್ರತಿ ಹಾಳೆಗೂ, ಪ್ರತಿ ಪ್ರತಿಗೂ. ನನ್ನ ಕೈಯಲ್ಲಿರುವ ಹಕ್ಕಿಗೆ ಯಾರು ಬಣ್ಣ ಹಚ್ಚಿದರು ಅಂತ ಎಲ್ಲೂ ಬರೆದಿಲ್ಲ. ಅದನ್ನು ನಾನು ದಿನಾ ಯೋಚಿಸುತ್ತೇನೆ.

ಆಫೀಸ್ ಕೆಲಸದ ಮೇಲೆ ಪ್ಯಾರಿಸ್ಸಿಗೆ ಹೋದಾಗ ಎರಡು ಶನಿವಾರ ಬಿಡುವಿತ್ತು. ಮೊದಲ ಶನಿವಾರ ಸೇನ್ ನದಿ ದಂಡೆಯ ಹಸಿರು ಪೆಟ್ಟಿಗೆ ಅಂಗಡಿಗಳಲ್ಲಿ ಸುತ್ತಿದೆ. ನೋಡಲು ಬಲು ಚಂದ, ಆದರೆ ನನ್ನ ಕಣ್ಣಿಗೆ ಬಿದ್ದ ಹಕ್ಕಿ ಚಿತ್ರಗಳೆಲ್ಲ ಈಗಿನ ರೀಪ್ರಿಂಟ್. ಎರಡನೇ ಶನಿವಾರ ನದಿಯ ಎಡದಂಡೆಯ ಒಂದು ಸಣ್ಣ ಓಣಿಯಲ್ಲಿ ಹಳೆಯ ಅಚ್ಚುಚಿತ್ರಗಳ ಅಂಗಡಿ ಸಿಕ್ಕಿತು. ಬೋರ್ಡ್ ಕೂಡ ಸರಿಯಾಗಿ ಕಾಣುವುದಿಲ್ಲ. ಒಳಗೆ ಗೋಡೆ ಉದ್ದಕ್ಕೂ ದಪ್ಪ ಫೋಲ್ಡರುಗಳು, ಒಂದೊಂದರ ಮೇಲೆ ಪೆನ್ಸಿಲ್ಲಿನಲ್ಲಿ ವಿಷಯ. ಅಂಗಡಿಯಾಕೆ ಅರವತ್ತು ದಾಟಿದ ಹೆಂಗಸು. ನನಗೆ ಫ್ರೆಂಚ್ ಬರುವುದಿಲ್ಲ, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಒಂದು ಚೀಟಿಯಲ್ಲಿ ಕೆತ್ತಿದವರ ಹೆಸರು, ಹಾಳೆಯ ನಂಬರ್ ಸೇರಿಸಿ 'ಮಾರ್ಟಿನೆ, 807' ಅಂತ ಬರೆದು ಕೊಟ್ಟೆ. ಅವರು ಚೀಟಿ ನೋಡಿದರು, ನನ್ನ ಮುಖ ನೋಡಿದರು, 'ಗೋವಾ?' ಅಂದರು. ಆ ಒಂದು ಪದಕ್ಕೆ ನನಗೆ ಮೈ ಜುಮ್ಮೆಂದಿತು.

ಫೋಲ್ಡರ್ ಬಿಚ್ಚುವ ಮೊದಲು ಕೈ ತೊಳೆದುಕೊಂಡು ಬರಲು ಹೇಳಿದರು. ಸಿಂಕ್ ತೋರಿಸಿ, ಒಣ ಟವೆಲ್ ಕೊಟ್ಟರು. ಹಾಳೆಯನ್ನು ಎರಡೂ ಕೈಯಲ್ಲಿ ಅಡಿಯಿಂದ ಎತ್ತಿ, ಕಿಟಕಿ ಬೆಳಕಿಗೆ ಹಿಡಿದು ತೋರಿಸಿದರು. ಅರ್ಧ ಗಂಟೆ ನೋಡಲು ಬಿಟ್ಟರು, ಒಂದು ಸಲವೂ ಅವಸರ ಮಾಡಲಿಲ್ಲ. ಬಣ್ಣ ಹಳೆಯದೇ, ಆಮೇಲೆ ಹಚ್ಚಿದ್ದಲ್ಲ ಅನ್ನುವುದನ್ನು ಬಿಲ್ಲಿನ ಮೇಲೆ ಬರೆದು ಸಹಿ ಹಾಕಿಕೊಟ್ಟರು. ಎಡಗಡೆ ಅಂಚಿನಲ್ಲಿ ಸಣ್ಣ ಹೊಲಿಗೆ ತೂತುಗಳಿದ್ದವು. ಅಂದರೆ ಒಂದು ಕಾಲಕ್ಕೆ ಇದು ಬೈಂಡ್ ಮಾಡಿದ ಸಂಪುಟದಲ್ಲಿತ್ತು, ಯಾರೋ ಬಿಚ್ಚಿ ಬಿಡಿಬಿಡಿಯಾಗಿ ಮಾರಿದ್ದಾರೆ. ಇದು ನನಗೆ ಇವತ್ತಿಗೂ ಚುಚ್ಚುತ್ತದೆ. ಪೂರ್ತಿ ಸಂಪುಟ ಇದ್ದರೆ ಅದನ್ನು ಹರಿಯಬಾರದು, ಅದು ಲೈಬ್ರರಿಯಲ್ಲಿ ಇರಬೇಕು. ಈ ಹಾಳೆ ಬಿಚ್ಚಿ ಎಷ್ಟೋ ವರ್ಷ ಆಗಿದೆ, ಅಂಚಿನ ಧೂಳು ನೋಡಿದರೇ ಗೊತ್ತಾಗುತ್ತದೆ ಅಂತ ಅವರು ಕೈಸನ್ನೆಯಲ್ಲೇ ತಿಳಿಸಿದ ಮೇಲೆ ಕೊಂಡೆ.

ಈಗ ಹಾಳೆಯ ವಿಷಯ. ಉದ್ದ ಸುಮಾರು 30 ಸೆಂ.ಮೀ., ನಮ್ಮ ಎ4 ಕಾಗದದಷ್ಟೇ ಅಂದುಕೊಳ್ಳಿ. ಬೆಳಕಿಗೆ ಹಿಡಿದರೆ ಕಾಗದದ ಒಳಗೆ ಬೆರಳಗಲಕ್ಕಿಂತ ಸ್ವಲ್ಪ ದೂರದೂರಕ್ಕೆ ಉದ್ದ ಗೆರೆ, ಅದಕ್ಕೆ ಅಡ್ಡಲಾಗಿ ಒತ್ತೊತ್ತಾಗಿ ಸಣ್ಣ ಗೆರೆ. ಹಳೆ ಬಟ್ಟೆ ಚಿಂದಿ ಕೊಳೆಸಿ, ಕುಟ್ಟಿ, ತಂತಿಯ ಜರಡಿಯಲ್ಲಿ ಎತ್ತಿ ಮಾಡಿದ ಕಾಗದಕ್ಕೆ ಆ ಜರಡಿಯ ಗುರುತು ಉಳಿದಿರುತ್ತದೆ. ಇನ್ನೂರಕ್ಕೂ ಹೆಚ್ಚು ವರ್ಷ ಆದರೂ ಮುರಿಯುವುದಿಲ್ಲ, ಪುಡಿ ಆಗುವುದಿಲ್ಲ. ನನ್ನ ಶಾಲೆಯ ನೋಟ್‌ಬುಕ್ಕುಗಳು ಮೂವತ್ತು ವರ್ಷಕ್ಕೇ ಹಪ್ಪಳದ ಹಾಗಾಗಿವೆ.

ಚಿತ್ರದ ಸುತ್ತ ಬೆರಳು ಆಡಿಸಿದರೆ ಒಂದು ಸಣ್ಣ ತಗ್ಗು ಸಿಗುತ್ತದೆ, ನಾಲ್ಕೂ ಕಡೆ. ಅದು ತಾಮ್ರದ ತಗಡು ಒತ್ತಿದ ಗುರುತು. ತಗಡಿನ ಮೇಲೆ ಮಸಿ ಬಳಿದು ಪೂರ್ತಿ ಒರೆಸಿಬಿಡುತ್ತಾರೆ. ಕೊರೆದ ಗೆರೆಗಳ ಒಳಗೆ ಮಾತ್ರ ಮಸಿ ಉಳಿಯುತ್ತದೆ. ನೆನೆಸಿದ ಕಾಗದವನ್ನು ಅದರ ಮೇಲಿಟ್ಟು ಎರಡು ಉರುಳೆಗಳ ನಡುವೆ ಒತ್ತಿ ಎಳೆದರೆ ಕಾಗದ ಆ ಗೆರೆಗಳ ಒಳಕ್ಕೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಅದಕ್ಕೇ ಗೆರೆಗಳು ಕಾಗದದ ಮೇಲೆ ಸ್ವಲ್ಪ ಉಬ್ಬಿ ನಿಂತಿರುತ್ತವೆ. ಅಸಲಿ ಹೌದೋ ಅಲ್ಲವೋ ನೋಡಲು ನನಗೆ ಗೊತ್ತಿರುವ ಅತಿ ಸುಲಭದ ದಾರಿ ಇದು. ಭೂತಗನ್ನಡಿ ಇಟ್ಟು ನೋಡಿ. ಗೆರೆ ಗೆರೆಯಾಗಿಯೇ ಕಂಡರೆ ಒಳ್ಳೆಯದು. ಬಣ್ಣದ ಚುಕ್ಕಿಗಳ ಜಾಲ ಕಂಡರೆ ಅದು ಈಗಿನ ಯಂತ್ರದ ಪ್ರಿಂಟ್, ಅಲ್ಲಿಗೆ ಮುಗಿಯಿತು.

ತಲೆ, ಗಂಟಲು ಕಪ್ಪು. ಕಣ್ಣಿನ ಹಿಂದಿನಿಂದ ಕತ್ತಿನ ಪಕ್ಕಕ್ಕೆ ಇಳಿಯುವ ಬಿಳಿ. ಕಪ್ಪಿಗೆ ಎರಡು ಸಲ ಬಣ್ಣ ಹಚ್ಚಿದ್ದಾರೆ. ಎರಡನೇ ಸಲದ್ದಕ್ಕೆ ಜಾಲಿ ಅಂಟು ಜಾಸ್ತಿ ಬೆರೆಸಿರಬೇಕು, ಹಾಳೆಯನ್ನು ಓರೆ ಮಾಡಿದರೆ ಎದೆಯ ಕಪ್ಪು ಮಾತ್ರ ಮಿರಮಿರ ಹೊಳೆಯುತ್ತದೆ, ಉಳಿದದ್ದು ಹೊಳೆಯುವುದಿಲ್ಲ. ನಿಜವಾದ ಟಿಟ್ಟಿಭದ ಎದೆ ಬಿಸಿಲಿಗೆ ಹಾಗೇ ಹೊಳೆಯುತ್ತದೆ, ಅಲ್ವಾ. ಕಣ್ಣಿನ ಹತ್ತಿರದ ಕೆಂಪು ಒಂದೇ ಒಂದು ಕುಂಚದ ಸ್ಪರ್ಶ. ಮುಂದಿನ ತುದಿಯಲ್ಲಿ ಬಣ್ಣ ತುಸು ಗೆರೆ ದಾಟಿದೆ, ಕೂದಲೆಳೆಯಷ್ಟು. ಅಲ್ಲಿ ನೀರು ಒಣಗಿದ ಕಡೆ ಕೆಂಪು ಗಾಢವಾಗಿ ಅಂಚು ಕಟ್ಟಿದೆ. ನಾನು ಭೂತಗನ್ನಡಿ ಹಿಡಿದು ಅತಿ ಜಾಸ್ತಿ ಹೊತ್ತು ನೋಡಿದ್ದು ಆ ಜಾಗವನ್ನೇ. ಯಾವುದೋ ಒಂದು ದಿನ, ಪ್ಯಾರಿಸ್ಸಿನ ಯಾವುದೋ ಕೋಣೆಯಲ್ಲಿ, ಯಾರೋ ಒಬ್ಬರು ಕುಂಚ ತುಸು ಜಾಸ್ತಿ ಒತ್ತಿದ್ದಾರೆ. ಅದು ಹಾಗೇ ಇಲ್ಲಿ ಉಳಿದಿದೆ.

ನಿಲುವು ಮಾತ್ರ ಸರಿ ಇಲ್ಲ, ಅದನ್ನೂ ಹೇಳಬೇಕು. ಹಕ್ಕಿ ಬಿಗಿದುಕೊಂಡು ನಿಂತಿದೆ. ಟಿಟ್ಟಿಭ ಹಾಗೆ ನಿಲ್ಲುವುದಿಲ್ಲ. ನಾಲ್ಕು ಹೆಜ್ಜೆ ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ಬಗ್ಗಿ ಏನೋ ಹೆಕ್ಕುತ್ತದೆ, ಮತ್ತೆ ಓಡುತ್ತದೆ. ಆದರೆ ಇವರ ಮುಂದಿದ್ದದ್ದು ಹಡಗಿನಲ್ಲಿ ಬಂದ ಒಣಗಿದ ಚರ್ಮ, ಒಳಗೆ ತುಂಬಿಸಿ ನಿಲ್ಲಿಸಿದ್ದು. ಕೂಗು ಕೇಳದವರು, ಓಟ ನೋಡದವರು ಇಷ್ಟು ಚೆನ್ನಾಗಿ ಮುಖ ಹಿಡಿದಿದ್ದಾರಲ್ಲ ಅಂತ ನನಗೆ ಗೌರವವೇ ಜಾಸ್ತಿ. ಕೆಳಗೆ ಫ್ರೆಂಚಿನಲ್ಲಿ ಹೆಸರಿದೆ: 'ವಾನೋ ಆರ್ಮೆ, ದ ಗೋವಾ'. ಆರ್ಮೆ ಅಂದರೆ ಆಯುಧ ಇರುವುದು. ಈ ಹಕ್ಕಿಯ ರೆಕ್ಕೆ ಮಡಿಚುವ ಕಡೆ ಒಂದು ಪುಟ್ಟ ಮುಳ್ಳಿರುತ್ತದೆ, ಅದಕ್ಕೆ ಆ ಹೆಸರು. ಗದ್ದೆಯಲ್ಲಿ ದೂರದಿಂದ ನೋಡುವ ನಮಗೆ ಅದು ಕಾಣುವುದೇ ಇಲ್ಲ. ನಲವತ್ತು ವರ್ಷ ಜೊತೆಗಿದ್ದ ಹಕ್ಕಿಗೆ ರೆಕ್ಕೆಯಲ್ಲಿ ಮುಳ್ಳಿದೆ ಅಂತ ನನಗೆ ಹೇಳಿಕೊಟ್ಟದ್ದು ಈ ಹಾಳೆ.

ಹಾಳೆಯ ಮೇಲೆ ಲ್ಯಾಟಿನ್ ಹೆಸರಿಲ್ಲ, ಗಮನಿಸಿ. ಜೀವಿಗಳಿಗೆ ಎರಡು ಪದದ ಲ್ಯಾಟಿನ್ ಹೆಸರಿಡುವ ಲಿನೇಯಸ್ ಎಂಬವರ ಪದ್ಧತಿ ಬುಫೋನರಿಗೆ ಇಷ್ಟ ಇರಲಿಲ್ಲ. 1783ರಲ್ಲಿ ಹಾಲೆಂಡಿನ ಬೊಡ್ಡಾರ್ಟ್ ಎಂಬವರು ಈ ಬಣ್ಣದ ಹಾಳೆಗಳಿಗೆಲ್ಲ ಒಂದು ಪಟ್ಟಿ ಮಾಡಿ, ಹಾಳೆ ನಂಬರಿನ ಎದುರಿಗೆ ಲ್ಯಾಟಿನ್ ಹೆಸರು ಕೊಟ್ಟರು. 807ಕ್ಕೆ 'ಟ್ರಿಂಗಾ ಇಂಡಿಕಾ'. ಈಗ ಕುಲ ಬದಲಾಗಿ ಅದು 'ವನೆಲ್ಲಸ್ ಇಂಡಿಕಸ್' ಆಗಿದೆ, ಇಂಡಿಕಸ್ ಮಾತ್ರ ಅವರದ್ದೇ. ಈ ಹೆಸರಿಗೆ ಆಧಾರವಾದ ಹಕ್ಕಿ ಸಿಕ್ಕ ಊರು ಅಂತ ವಿಜ್ಞಾನದ ಪುಸ್ತಕಗಳು ಇವತ್ತಿಗೂ ಗೋವಾ ಅಂತಲೇ ಬರೆಯುತ್ತವೆ, ಅದಕ್ಕೆ ಆಧಾರ ಈ ಹಾಳೆಯೇ. ಕಾರವಾರ ದಾಟಿದರೆ ಗೋವಾ, ಟಿಟ್ಟಿಭಕ್ಕಂತೂ ಆ ಗಡಿ ಲೆಕ್ಕಕ್ಕೇ ಇಲ್ಲ. ಹಾಗಾಗಿ ಇದು ನನ್ನ ಊರಿನ ಹಕ್ಕಿಯ ಜನ್ಮಪತ್ರ ಅಂತಲೇ ನನ್ನ ಭಾವನೆ.

ಇನ್ನು ಬೇಸರದ ಎರಡು ಅನುಭವ.

ಮೊದಲನೆಯದು ರೀಪ್ರಿಂಟ್. ಪ್ಯಾರಿಸ್ಸಿಗೆ ಹೋಗುವ ಒಂದು ವರ್ಷ ಮುಂಚೆ ಒಂದು ಆನ್‌ಲೈನ್ ಅಂಗಡಿಯಿಂದ ಇದೇ ಚಿತ್ರವನ್ನು 1,400 ರೂಪಾಯಿಗೆ ತರಿಸಿದ್ದೆ. 'ಮ್ಯೂಸಿಯಂ ಗುಣಮಟ್ಟ' ಅಂತ ಬರೆದಿದ್ದರು. ಬಂದದ್ದು ಮಿಂಚುವ ಕಾಗದ. ಹಳೆಯ ಹಾಳೆಯ ಹಳದಿಯನ್ನು ಕಂಪ್ಯೂಟರಿನಲ್ಲಿ ತೆಗೆಯಲು ಹೋಗಿ ಹಕ್ಕಿಯ ಬೆನ್ನಿನ ಕಂದು ಕೂಡ ಬೂದು ಮಾಡಿಬಿಟ್ಟಿದ್ದರು. ಕೆಂಪು ಚರ್ಮ ಟೊಮೆಟೊ ಬಣ್ಣ. ಗೆರೆಗಳೆಲ್ಲ ಒಂದಕ್ಕೊಂದು ಅಂಟಿ ಮಸಿ ಚೆಲ್ಲಿದ ಹಾಗೆ. ಕೆಳಗಿನ ಹೆಸರನ್ನೇ ಕತ್ತರಿಸಿದ್ದರು, ಗೋವಾ ಇಲ್ಲ, 807 ಇಲ್ಲ! ವಾಪಸ್ ತಗೊಳ್ಳಿ ಅಂದರೆ 'ಕಲಾಕೃತಿಗೆ ವಾಪಸಾತಿ ಇಲ್ಲ' ಅಂದರು. ಸುಮ್ನೆ ನೋಡುವುದಕ್ಕೆ ಬೇಕು ಅಂದರೆ ದೊಡ್ಡ ಲೈಬ್ರರಿಗಳು ಈ ಹಾಳೆಗಳ ಒಳ್ಳೆಯ ಸ್ಕ್ಯಾನ್‌ಗಳನ್ನು ಪುಕ್ಕಟೆ ಇಟ್ಟಿವೆ. ಅದನ್ನು ದೊಡ್ಡದು ಮಾಡಿ ನೋಡಿ. ಈ ಪೋಸ್ಟರಿಗಿಂತ ಅದು ಎಷ್ಟೋ ಮೇಲು.

ಎರಡನೆಯದು ಇನ್ನೂ ಜಾಸ್ತಿ ನೋವು ಕೊಟ್ಟದ್ದು. ಇದೇ ಸರಣಿಯಲ್ಲಿ 880ನೇ ಹಾಳೆ ಹಳದಿ ಟಿಟ್ಟಿಭದ್ದು, ಮಲಬಾರ್ ಕರಾವಳಿಯ ಹೆಸರಿನಲ್ಲಿ ಇದೆ. ಅದಕ್ಕೂ ಬೊಡ್ಡಾರ್ಟರೇ 'ಮಲಬಾರಿಕಸ್' ಅಂತ ಹೆಸರು ಕೊಟ್ಟದ್ದು. ಕೆಂಪಿನ ಜೊತೆ ಹಳದಿಯೂ ಇದ್ದರೆ ಜೋಡಿ ಆಗುತ್ತದೆ ಅಂತ ಊರಿಗೆ ಬಂದ ಮೇಲೆ ಬೇರೊಬ್ಬ ಮಾರಾಟಗಾರರಿಂದ ಅಂಚೆಯಲ್ಲಿ ತರಿಸಿದೆ. ಫೋಟೊದಲ್ಲಿ ಹಕ್ಕಿ ಮಾತ್ರ ಕಾಣುವ ಹಾಗೆ ತೆಗೆದಿದ್ದರು. ವಿವರಣೆಯಲ್ಲಿ 'ಪೂರ್ಣ ಅಂಚು' ಅಂತ ಇತ್ತು. ಬಿಚ್ಚಿ ನೋಡಿದರೆ ತಗಡಿನ ಗುರುತಿನ ಒಳಗೇ ಕತ್ತರಿ ಆಡಿಸಿದ್ದಾರೆ, ಮೂರು ಕಡೆ. ಯಾವುದೋ ಕಾಲದಲ್ಲಿ ಯಾವುದೋ ಫ್ರೇಮಿಗೆ ಕೂರಿಸಲು ಯಾರೋ ಕತ್ತರಿಸಿರಬೇಕು. ಬಣ್ಣವೂ ಅನುಮಾನ. ಕಾಗದದ ಕಂದು ಚುಕ್ಕಿಗಳು ಬಣ್ಣದ ಕೆಳಗೆ ಇವೆ. ಅಂದರೆ ಚುಕ್ಕಿ ಬಂದ ಮೇಲೆ ಬಣ್ಣ ಹಚ್ಚಿದ್ದಾರೆ ಅಂತ ನನ್ನ ಲೆಕ್ಕ. ಎರಡು ತಿಂಗಳು ಪತ್ರ ಬರೆದ ಮೇಲೆ ಅರ್ಧ ದುಡ್ಡು ವಾಪಸ್ ಬಂತು. ಹಾಳೆ ಇನ್ನೂ ನನ್ನ ಬಳಿಯೇ ಇದೆ, ಅದರ ಮೇಲೆ ಸಿಟ್ಟಿಲ್ಲ. ಆದರೆ ನೀವು ಕೊಳ್ಳುವುದಾದರೆ ನಾಲ್ಕೂ ಮೂಲೆ, ಹಿಂಬದಿ, ಬೆಳಕಿಗೆ ಹಿಡಿದದ್ದು, ಇಷ್ಟೂ ಫೋಟೊ ಕೇಳಿ. ಕೊಡದವರ ಬಳಿ ಕೊಳ್ಳಬೇಡಿ.

ಬಿಳಿ ಬಣ್ಣದ ಬಗ್ಗೆಯೂ ಒಂದು ಮಾತು. ಆ ಕಾಲದವರು ಕೆಲವು ಕಡೆ ಸೀಸದ ಬಿಳಿ ಹಚ್ಚುತ್ತಿದ್ದರು. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿದರೆ ಅದು ಕಪ್ಪಾಗುತ್ತದೆ. ಬಿಳಿ ಇರಬೇಕಾದ ಕಡೆ ಬೂದಿ ಬಣ್ಣದ ಕಲೆ ಕಂಡರೆ ಕೊಳಕು ಅಂತ ಒರೆಸಲು ಹೋಗಬೇಡಿ, ರಬ್ಬರ್ ಅಂತೂ ಬೇಡವೇ ಬೇಡ. ಕಾಗದ ಸಂರಕ್ಷಣೆ ಕಲಿತವರು ಅದನ್ನು ಮತ್ತೆ ಬೆಳ್ಳಗೆ ಮಾಡಬಲ್ಲರು. ನನ್ನ 807ರಲ್ಲಿ ಕತ್ತಿನ ಬಿಳಿಗೆ ಬಣ್ಣವನ್ನೇ ಹಚ್ಚಿಲ್ಲ, ಕಾಗದವನ್ನೇ ಬಿಳಿಯಾಗಿ ಬಿಟ್ಟಿದ್ದಾರೆ. ಅದಕ್ಕೇ ಅದು ಇನ್ನೂ ತಿಳಿಯಾಗಿದೆ.

ಇಂಥ ಚಿತ್ರ ಅಂದರೆ ಎಲ್ಲರ ಬಾಯಲ್ಲಿ ಬರುವುದು ಅಮೆರಿಕದ ಆಡುಬಾನ್. 1827ರಿಂದ 1838ರವರೆಗೆ ಬಂದ ಅವರ 435 ಹಾಳೆಗಳು ಒಂದೊಂದೂ ಸುಮಾರು ಒಂದು ಮೀಟರ್ ಎತ್ತರ. ಬಹುಪಾಲು ಲಂಡನ್ನಿನ ಹ್ಯಾವೆಲ್ ಕೆತ್ತಿದ್ದು. ಅದರ 231ನೇ ಹಾಳೆಯಲ್ಲಿ ಉದ್ದ ಕೊಕ್ಕಿನ ಎರಡು ಕರ್ಲ್ಯೂ ಹಕ್ಕಿಗಳು, ಹಿಂದೆ ನೀರಿನಾಚೆ ಚಾರ್ಲ್ಸ್‌ಟನ್ ಪಟ್ಟಣ. ಜಗತ್ತಿನ ಅತಿ ಸುಂದರ ಹಕ್ಕಿ ಚಿತ್ರಗಳಲ್ಲಿ ಅದೊಂದು, ನಾನೂ ಒಪ್ಪುತ್ತೇನೆ. ಅಲ್ಲಿ ಹಕ್ಕಿಗೆ ಜೀವ ಇದೆ, ನೀರಿದೆ, ಊರಿದೆ. ಮಾರ್ಟಿನೆಯ ಹಕ್ಕಿಗೆ ಒಂದು ಹಿಡಿ ಮಣ್ಣು ಬಿಟ್ಟರೆ ಏನೂ ಇಲ್ಲ. ಆದರೆ ಆಡುಬಾನರ ಪೂರ್ತಿ ಸೆಟ್ ಒಂದು 2010ರಲ್ಲಿ ಲಂಡನ್ ಹರಾಜಿನಲ್ಲಿ 73 ಲಕ್ಷ ಪೌಂಡ್ ದಾಟಿತು. ಬಿಡಿ ಹಾಳೆಯೂ ನನ್ನಂಥವನ ಕೈಗೆ ಎಟುಕುವುದಲ್ಲ. ಮಾರ್ಟಿನೆ ಎಟುಕುತ್ತಾರೆ. ಒಂದು ಸಾಧಾರಣ ಮೊಬೈಲಿನ ದುಡ್ಡಿಗೆ 18ನೇ ಶತಮಾನದ ಒಂದು ಕೈ ನಿಮ್ಮ ಮನೆಗೆ ಬರುತ್ತದೆ.

ಫ್ರೇಮ್ ಹಾಕಿಸುವಾಗ ಹುಷಾರು. ಬೆಂಗಳೂರಿನಲ್ಲಿ ಮೊದಲು ಕೊಟ್ಟ ಅಂಗಡಿಯಲ್ಲಿ ಹಿಂದಿನಿಂದ ಫೆವಿಕಾಲ್ ಹಚ್ಚಲು ಹೊರಟಿದ್ದರು, ನಾನು ಪಕ್ಕದಲ್ಲೇ ನಿಂತಿದ್ದರಿಂದ ಬಚಾವಾಯಿತು. ಎರಡನೇ ಅಂಗಡಿಯವರಿಗೆ ಕೆಲಸ ಗೊತ್ತಿತ್ತು. ಆಸಿಡ್ ಇಲ್ಲದ ಬೋರ್ಡ್, ಮೇಲಿನ ಅಂಚಿಗೆ ಮಾತ್ರ ಜಪಾನಿ ಕಾಗದದ ಎರಡು ಪಟ್ಟಿ, ಅದಕ್ಕೂ ಬೇಕಾದರೆ ನೀರಿನಲ್ಲಿ ಬಿಡಿಸಬಹುದಾದ ಗೋಧಿ ಪಿಷ್ಟದ ಅಂಟು. ಗಾಜು ಹಾಳೆಗೆ ತಾಗದ ಹಾಗೆ ನಡುವೆ ಮೌಂಟ್, ಅಂದರೆ ಕಿಟಕಿಯ ಹಾಗೆ ಕತ್ತರಿಸಿದ ದಪ್ಪ ಬೋರ್ಡ್. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಗಾಜಿಗೆ ಸ್ವಲ್ಪ ಜಾಸ್ತಿ ಆಯಿತು, ಒಟ್ಟು 4,500 ರೂಪಾಯಿ. ಮೌಂಟನ್ನು ಕೆಳಗಿನ ಹೆಸರು, ಮೇಲಿನ ನಂಬರ್, ತಗಡಿನ ತಗ್ಗು ಎಲ್ಲ ಕಾಣುವ ಹಾಗೆ ಅಗಲವಾಗಿ ಕತ್ತರಿಸಲು ಹೇಳಿ, ಮರೆಯಬೇಡಿ. ಕರಾವಳಿಯವರಾದರೆ ಮಳೆಗಾಲದಲ್ಲಿ ಹೊರಗೋಡೆಗೆ ತೂಗು ಹಾಕಬೇಡಿ, ಬೂಷ್ಟು ಬಂದೇ ಬರುತ್ತದೆ. ವರ್ಷಕ್ಕೊಮ್ಮೆ ಇಳಿಸಿ ಹಿಂದೆ ಬೆಳ್ಳಿಹುಳ ಇದೆಯಾ ನೋಡಿ.

ಅಂಗಡಿಗೆ ಐದಕ್ಕೆ ಐದು ಕೊಡುತ್ತೇನೆ. ಹಾಳೆಗೆ ಅಂಕ ಕೊಡುವುದು ನನ್ನಿಂದ ಆಗುವುದಿಲ್ಲ.

ದೀಪಾವಳಿಗೆ ಅಮ್ಮ ಬೆಂಗಳೂರಿಗೆ ಬಂದಿದ್ದರು. ಊಟದ ಕೋಣೆಯಲ್ಲಿ, ಬಿಸಿಲು ಬೀಳದ ಗೋಡೆಯ ಮೇಲೆ ಇದನ್ನು ಹಾಕಿದ್ದೇನೆ. 'ಅಮ್ಮಾ, ಇದು ಯಾವುದು ಹೇಳು' ಅಂದೆ. ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. 'ಟಿಟ್ಟಿಭ ಅಲ್ವನಾ, ಅದರಲ್ಲಿ ಕೇಳುವುದೇನು' ಅಂದರು. ಎಷ್ಟು ಹಳೆಯದು, ಎಲ್ಲಿಂದ ಬಂತು ಅಂತ ನಾನು ಹೇಳುತ್ತಾ ಹೋದೆ. ಅವರು ಹಕ್ಕಿಯ ಕಾಲ ಬುಡದ ಮಣ್ಣನ್ನೇ ನೋಡುತ್ತಿದ್ದರು. 'ಮೊಟ್ಟೆ ಬರೆಯಲಿಲ್ಲವಲ್ಲೋ' ಅಂದರು. 'ನಿನ್ನ ಅಪ್ಪ ಉಳುವಾಗ ಮೊಟ್ಟೆ ಕಂಡರೆ ಅಷ್ಟು ಜಾಗಕ್ಕೆ ನಾಲ್ಕು ಕೋಲು ನೆಟ್ಟು, ಸುತ್ತು ಹಾಕಿ ಉಳುತ್ತಿದ್ದರು. ಹೆಂಟೆ ಬಣ್ಣವೇ ಇರುತ್ತದೆ, ಕೋಲು ಇಲ್ಲದಿದ್ದರೆ ಮರುದಿನ ಅವರಿಗೇ ಕಾಣುತ್ತಿರಲಿಲ್ಲ.' ಅಪ್ಪ ಹಾಗೆ ಮಾಡುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.